ಓದುಗರ ಪುಟದಲ್ಲಿ ಉಳಿದ ಎರಡು ಸಾಲು

ಸ್ವಂತ ಕಾರಿಲ್ಲದ ನಾನು ಹದಿನೈದು ವರ್ಷ ಕಾರಿನ ಮಾಸಪತ್ರಿಕೆ ಓದಿದೆ. ನಂಜನಗೂಡಿನ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯವರು ನನಗಾಗಿ ಒಂದು ಪ್ರತಿ ತೆಗೆದಿಡುತ್ತಿದ್ದರು. ನಮ್ಮ ಹೈಸ್ಕೂಲಿನಲ್ಲಿ ಯಾರು ಕಾರು ಕೊಳ್ಳುವುದಿದ್ದರೂ ಮೊದಲು ನನ್ನನ್ನು ಕೇಳುತ್ತಿದ್ದರು. ಪತ್ರಿಕೆ ಹೇಳಿದ್ದನ್ನೇ ನಾನು ನನ್ನ ಮಾತಿನಂತೆ ಹೇಳುತ್ತಿದ್ದೆ.

ಬಿಳಿಗೆರೆಯ ಹತ್ತಿರ ನನ್ನ ಅಕ್ಕನ ಮನೆ. ಅವಳಿಗೆ ಮಂಡಿನೋವು. ತಿಂಗಳಿಗೆರಡು ಸಲ ಮೈಸೂರಿನ ಆಸ್ಪತ್ರೆಗೆ ಹೋಗಬೇಕಿತ್ತು, ಬಸ್ಸು ಹತ್ತಿ ಇಳಿಯುವುದೇ ದೊಡ್ಡ ಯಾತನೆ. ಭಾವ ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಮೇಲೆ ಅವಳಿಗಾಗಿಯೇ ಕಾರು ಕೊಳ್ಳಲು ಹೊರಟರು.

"ಮೇಷ್ಟ್ರೇ, ನಂಗೇನ್ ಗೊತ್ತಾದದು? ನೀನ್ ಯೋಳಿದ್ದೇ ತಗತೀನಿ," ಎಂದರು.

ಆ ತಿಂಗಳ ಸಂಚಿಕೆ ಹೊಸದೊಂದು ಕಾರಿಗೆ ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಟ್ಟಿತ್ತು. ಹಿಂದಿನ ರಕ್ಷಾಪುಟದಲ್ಲಿ ಅದೇ ಕಾರಿನ ಜಾಹೀರಾತು. ಎರಡನ್ನೂ ನೋಡಿದ್ದೆ, ನನಗೇನೂ ಅನಿಸಿರಲಿಲ್ಲ. ಅದನ್ನೇ ಕೊಳ್ಳಿ ಎಂದೆ.

ಎಂಟನೆಯ ತಿಂಗಳಿಗೆ ಗೇರ್‌ಬಾಕ್ಸ್ ಕೈಕೊಟ್ಟಿತು. ಸರಿಮಾಡಿಸಿದರು, ಮತ್ತೆ ಕೆಟ್ಟಿತು. ಮೂರನೆಯ ಸಲ, ಸೋಮನಾಥಪುರದಲ್ಲಿ ನೆಂಟರ ಮದುವೆ ಮುಗಿಸಿ ಬರುವಾಗ ಸುಡುಬಿಸಿಲಲ್ಲಿ ನಡುರಸ್ತೆಯಲ್ಲೇ ನಿಂತಿತು. ನಾನೂ ಜೊತೆಗಿದ್ದೆ. ಅಕ್ಕ ಕಬ್ಬಿನ ಗದ್ದೆಯ ಪಕ್ಕ ಒಂದು ಕಲ್ಲಿನ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದಳು. ತಿ. ನರಸೀಪುರದಿಂದ ಬಂದ ಮೆಕ್ಯಾನಿಕ್ ಕಾರು ನೋಡಿದವನೇ ತಲೆಯಾಡಿಸಿದ.

"ಈ ಗಾಡಿ ನಂತಾವ ಬತ್ತಿರೋದು ಇದೇ ಮೊದಲ್ನೇದಲ್ಲ ಸಾ. ಯಾರ್ ಯೋಳುದ್ರು ತಗಳಿ ಅಂತ?"

ಭಾವ ನನ್ನ ಕಡೆ ನೋಡಲಿಲ್ಲ. ನಾನೇ ಪತ್ರಿಕೆಯ ವಿಷಯ ಹೇಳಿದೆ.

"ಅವ್ರು ಮೂರ್ ದಿನ ಓಡ್ಸಿ ಬರೀತಾರೆ ಸಾ. ಅದೂ ಕಂಪ್ನಿಯೋರೇ ಕಳ್ಸಿದ್ ಗಾಡೀನ," ಎಂದ.

ಮನೆಗೆ ಬಂದವನೇ ಸಂಪಾದಕರಿಗೆ ಎರಡು ಪುಟದ ಕಾಗದ ಬರೆದೆ. ಹದಿನೈದು ವರ್ಷದಿಂದ ನಿಮ್ಮ ಓದುಗ, ನಿಮ್ಮ ವಿಮರ್ಶೆ ನಂಬಿಯೇ ಅಕ್ಕನ ಮನೆಗೆ ಈ ಕಾರು ಬಂತು ಎಂದು ಮರ್ಯಾದೆಯಿಂದ ಶುರುಮಾಡಿದ್ದೆ. ಉಳಿದದ್ದೆಲ್ಲ ಗೇರ್‌ಬಾಕ್ಸಿನ ಕಥೆ. ಜಾಹೀರಾತು ಕೊಟ್ಟವರ ಕಾರನ್ನು ನೀವು ಎಂದಾದರೂ ಕೆಟ್ಟದ್ದು ಎಂದಿದ್ದೀರಾ ಎಂದು ಕೊನೆಗೆ ಕೇಳಿದ್ದೆ.

ಎರಡು ತಿಂಗಳ ಮೇಲೆ ಅದು ಓದುಗರ ಪುಟದಲ್ಲಿ ಬಂದದ್ದನ್ನು ನನಗಿಂತ ಮೊದಲು ಭಾವ ನೋಡಿದರು, ಕ್ಷೌರದ ಅಂಗಡಿಯಲ್ಲಿ. ಹಾಳೆ ಹರಿದುಕೊಂಡು ನೇರ ಶಾಲೆಗೆ ಬಂದರು. ನನ್ನ ಮೊದಲ ಎರಡು ಸಾಲು ಮಾತ್ರ ಅಚ್ಚಾಗಿದ್ದವು. ಕೆಳಗೆ ನನ್ನ ಹೆಸರು, ಊರು.

"ನಿಮ್ಮಕ್ಕನ್ನ ರೋಡಲ್ಲಿ ಕೂರ್ಸುದ್ ಗಾಡೀನ ಒಗಳಿ ಬರ್ದಿದೀಯಲ್ಲ. ಎಸ್ರು ಬರ್ಲಿ ಅಂತಾನಾ?"

"ಉಳಿದದ್ದನ್ನ ಅವರೇ ತೆಗೆದುಹಾಕಿದಾರೆ ಭಾವ. ನಾನು ಎರಡು ಪುಟ ಬರೆದಿದ್ದೆ."

"ಬುಡು ಮೇಷ್ಟ್ರೇ."

ಕಾಗದದ ನಕಲು ನನ್ನ ಹತ್ತಿರ ಇರಲಿಲ್ಲ. ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆ. "ಸ್ಥಳಾಭಾವ ಸರ್," ಎಂದು ಒಬ್ಬಾಕೆ ಬಹಳ ವಿನಯದಿಂದ ಹೇಳಿದರು. ಆಮೇಲೆ ಹಳೆಯ ಸಂಚಿಕೆಗಳನ್ನು ಕೆಳಗಿಳಿಸಿ ಓದುಗರ ಪುಟಗಳನ್ನಷ್ಟೇ ಓದುತ್ತ ಕೂತೆ. ಎಲ್ಲವೂ ಎರಡೆರಡು ಸಾಲಿನ ಹೊಗಳಿಕೆ. ಒಂದು ಕಾಲಕ್ಕೆ ಆ ಪುಟ ನೋಡಿಯೇ ಪತ್ರಿಕೆಯ ಮೇಲೆ ನನಗೆ ಭರವಸೆ ಬೆಳೆದಿತ್ತು. ಅವರಲ್ಲಿ ಎಷ್ಟು ಜನ ನನ್ನ ಹಾಗೆ ಪುಟಗಟ್ಟಲೆ ಬರೆದಿದ್ದರೋ.

ಭಾವ ಕಾರು ಮಾರಿದರು. ಅಕ್ಕ ಮತ್ತೆ ಬಸ್ಸಿನಲ್ಲೇ ಓಡಾಡುತ್ತಾಳೆ. "ನಿಂದೇನ್ ತಪ್ಪು ಬುಡ್ಲಾ," ಎಂದು ಅವಳು ಅಂದಾಗಲೇ ನನಗೆ ಹೆಚ್ಚು ಸಂಕಟ. ಭಾವ ಜಗಳವಾಡಲಿಲ್ಲ. ಮನೆಗೆ ಹೋದರೆ ಕಾಫಿ ಕೊಡಿಸುತ್ತಾರೆ, ಮಳೆ ಬೆಳೆ ಮಾತಾಡುತ್ತಾರೆ. ಈಚೆಗೆ ಮೊಮ್ಮಗಳನ್ನು ಯಾವ ಕಾಲೇಜಿಗೆ ಸೇರಿಸುವುದೆಂದು ಕೇಳಲು ಅವರು ಪಕ್ಕದ ಊರಿನ ಹಾಲಿನ ಡೇರಿಯವರ ಮನೆಗೆ ಹೋಗಿದ್ದರಂತೆ. ಆಗ ನಾನು ಭಾವನ ಮನೆಯ ಜಗಲಿಯಲ್ಲೇ ಕೂತು ಅವರಿಗಾಗಿ ಕಾಯುತ್ತಿದ್ದೆ.