ಪೊನ್ನಿಯ ಹಿಂಗಾಲು

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಹುರುಳಿ ಬೇಯುವ ವಾಸನೆ ಬಂತು. ಆ ವಾಸನೆಗೆ ನಿಮಗೆ ಬಸ್ಸಾರು ನೆನಪಾಗಬಹುದು. ನನಗೆ ನೆನಪಾಗುವುದು ಕುದುರೆಲಾಯ.

ನನ್ನ ಹೆಂಡತಿ ಸುಮಿತ್ರೆ ಪಶುವೈದ್ಯೆ. ಮದರಾಸು ಚೆನ್ನೈ ಆದ ಹೊಸದರಲ್ಲಿ ನಾವು ಮೈಸೂರಿನಿಂದ ಬಂದು ವೇಲಚೇರಿಯಲ್ಲಿ ಮನೆ ಮಾಡಿದ್ದೆವು. ಊರಾಚೆಯ ಕುದುರೆ ಸವಾರಿ ಶಾಲೆಯೊಂದಕ್ಕೆ ಅವಳು ಡಾಕ್ಟರು. ನಾನು ಅವಳನ್ನು ಸ್ಕೂಟರಿನಲ್ಲಿ ಬಿಟ್ಟು, ಬೇಲಿಯಾಚೆಯೇ ನಿಂತು ಕಾಯುವವನು. ಕುದುರೆ ಸೀನಿದರೂ ಹಿಂದಕ್ಕೆ ಹಾರುತ್ತಿದ್ದೆ.

ಅಲ್ಲೇ ಹುಟ್ಟಿದ ಹೆಣ್ಣುಮರಿ ಪೊನ್ನಿ. ಎರಡು ವರ್ಷವಾಗುವ ಹೊತ್ತಿಗೆ ಅದರ ಆಕಾರ ನೋಡಬೇಕಿತ್ತು ನೀವು: ಹಿಂಭಾಗ ಎತ್ತರ, ಮುಂಭಾಗ ತಗ್ಗು, ಸಮನೆಲದಲ್ಲಿದ್ದರೂ ಇಳಿಜಾರಿನಲ್ಲಿ ನಿಂತಂತೆ. “ಎರಡು ಕುದುರೆ ಸೇರಿಸಿ ಹೊಲಿದಿದಾರೆ ಕಣೇ,” ಅಂದೆ.

“ನಗಬೇಡಿ. ಈ ವಯಸ್ಸಲ್ಲಿ ಹಾಗೇ, ಒಂದ್ಸಲ ಹಿಂದೆ ಬೆಳೆಯತ್ತೆ, ಇನ್ನೊಂದ್ಸಲ ಮುಂದೆ. ನಿಮ್ಮ ಹೈಸ್ಕೂಲ್ ಫೋಟೋ ನೋಡ್ಕೊಳ್ಳಿ, ಮೂಗೊಂದೇ ಬೆಳೆದಿದೆ.”

ಆದರೆ ಒಂದು ದಿನ ಮಲಗಿದ್ದ ಪೊನ್ನಿ ಎದ್ದಾಗ ಹಿಂಗಾಲೊಂದು ಮಡಚಲೇ ಇಲ್ಲ. ಕೋಲಿನ ಹಾಗೆ ಸೆಟೆದ ಕಾಲನ್ನು ಎಳೆದುಕೊಂಡು ನಾಲ್ಕು ಹೆಜ್ಜೆ ಹಾಕಿತು. ಆಮೇಲೆ ಲಟಕ್ಕೆಂದು ಸಡಿಲವಾಯಿತು. ಮಾರನೆಯ ದಿನವೂ ಹಾಗೆಯೇ. ಉದ್ದುದ್ದ ಬೆಳೆದ ಕಾಲಿಗೆ ತಕ್ಕ ಮಾಂಸಖಂಡ ಇನ್ನೂ ಬಂದಿಲ್ಲ, ಅದಕ್ಕೇ ಮಂಡಿಚಿಪ್ಪು ಸಿಕ್ಕಿಕೊಳ್ಳುತ್ತಿದೆ ಎಂದಳು ಸುಮಿತ್ರೆ.

ಶಾಲೆಯ ಯಜಮಾನರು ಉಡುಪಿ ಕಡೆಯ ರಾಯರು, ಟಿ. ನಗರದಲ್ಲಿ ಹೋಟೆಲು, ಕುದುರೆ ಹುಚ್ಚು. “ಇದು ಸರಿಪಟ್ಟು ವರಾದು, ಸರಿಹೋಗುದಿಲ್ಲ ಡಾಕ್ಟರಮ್ಮ. ಬೆಸೆಂಟ್ ನಗರ ಬೀಚಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವ ಕೇಳ್ತಿದ್ದಾನೆ, ಕೊಟ್ಟುಬಿಡುವ ಮಾರಾಯ್ರೆ.”

“ಆ ಮರಳಲ್ಲಿ ಭಾರ ಹೊತ್ತರೆ ಕಾಲೇ ಹೋಗತ್ತೆ ರಾಯರೇ. ಬೇಸಿಗೆ ಕಳೀಲಿ. ಬೆಳೆದು ಸರಿಹೋಗತ್ತೆ, ನಾನು ಹೇಳ್ತಿದೀನಲ್ಲ.”

ರಾಯರು ಒಪ್ಪಿದರು, ಮುಖ ಒಪ್ಪಿರಲಿಲ್ಲ. ಸುಮಿತ್ರೆ ಮೇವು ಬದಲಾಯಿಸಿ ಬೇಯಿಸಿದ ಹುರುಳಿ ಕೊಟ್ಟಳು, ಲಾಯದಲ್ಲಿ ಕಟ್ಟಿಹಾಕದೆ ದಿನವೂ ನಡೆಸಿದಳು. ಶಾಲೆಯ ಹಿಂದಿದ್ದ ಮಣ್ಣಿನ ದಿಬ್ಬ ಹತ್ತಿಸಿ ಇಳಿಸಿದಳು. ಭಾನುವಾರವೂ ಹೋಗುತ್ತಿದ್ದಳು. “ಏನಾಗತ್ತೋ?” ಎಂದು ನಾನು ಕೇಳಿದಾಗೆಲ್ಲ ಒಂದೇ ಉತ್ತರ: “ಏನೂ ಆಗಲ್ಲ ಬಿಡಿ.” ಅವಳಿಗೆ ಎಲ್ಲ ಗೊತ್ತಿದೆ ಎಂದು ನಾನು ನಿಶ್ಚಿಂತೆಯಿಂದ ಪೇಪರು ಓದುತ್ತಿದ್ದೆ.

ಮೊದಮೊದಲು ಏನೂ ಬದಲಾಗಲಿಲ್ಲ. ಆಮೇಲೆ ಕಾಲು ಸೆಟೆಯುವುದು ಅಪರೂಪವಾಯಿತು. ಭುಜ ಮೇಲೆದ್ದು ಬಂತು, ತೊಡೆ ತುಂಬಿಕೊಂಡಿತು. ಬಿಸಿಲು ಇಳಿದ ಒಂದು ಸಂಜೆ ರಾಯರೂ ಬಂದು ನಿಂತಿದ್ದರು. ಪೊನ್ನಿ ಮಣ್ಣಿನಲ್ಲಿ ಹೊರಳಾಡಿ, ಎದ್ದು, ಮೈ ಕೊಡವಿ, ಒಮ್ಮೆಯೂ ಎಡವದೆ ಬೇಲಿಯುದ್ದಕ್ಕೂ ಓಡಿತು. ಮುಂದೂ ಹಿಂದೂ ಸಮವಾಗಿ, ಒಂದೇ ಕುದುರೆಯಾಗಿ. ರಾಯರು “ಅಬ್ಬ!” ಎಂದವರು ಮತ್ತೆ ಬೀಚಿನ ಮಾತೆತ್ತಲಿಲ್ಲ.

ತಿರುಗಿ ನೋಡಿದರೆ ಸುಮಿತ್ರೆ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ಬೇಲಿ ದಾಟಿ ಹೋದೆ.

“ನಿನಗೆ ಗ್ಯಾರಂಟಿ ಇತ್ತಲ್ಲೇ?”

“ಎಲ್ಲಿತ್ತು? ಎಷ್ಟೋ ಮರಿಗಳು ಸರಿಹೋಗತ್ವೆ, ಕೆಲವು ಹೋಗಲ್ಲ. ದಿನಾ ಹೆದರ್ಕೊಂಡೇ ಬರ್ತಿದ್ದೆ,” ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ನಕ್ಕಳು. ಪೊನ್ನಿ ಬಂದು ನನ್ನ ಹೆಗಲ ಮೇಲೆ ಉಸಿರು ಬಿಟ್ಟಿತು. ನಾನು ಹಾರಲಿಲ್ಲ.

ಈಗಲೂ ಮನೆಯಲ್ಲಿ ಏನಾದರೂ ಆತಂಕ ಬಂದರೆ ಅವಳದು ಅದೇ ಮಾತು, ಏನೂ ಆಗಲ್ಲ ಬಿಡಿ. ನಾನು ಮಾತ್ರ ಪೇಪರು ಮಡಚಿಟ್ಟು, ಹೋಗಿ ಅವಳ ಪಕ್ಕ ಕೂರುತ್ತೇನೆ.