ಸುತ್ತಿಗೆಯಣ್ಣನ ಸೊಂಟದ ಸುತ್ತಳತೆ

ನಮ್ಮ ಬೀದಿಯ ದರ್ಜಿ ಮಾವನಷ್ಟು ಪುಕ್ಕಲು ಮನುಷ್ಯನನ್ನು ನಾನು ಕಂಡಿಲ್ಲ. ತಾನೇ ತುಳಿದ ಹೊಲಿಗೆಯಂತ್ರ ಕಟಕ್ ಎಂದರೂ ಬೆಚ್ಚುವ ಜೀವ. ಊರನ್ನೇ ನಡುಗಿಸಿದ ಸುತ್ತಿಗೆಯಣ್ಣನ ಪ್ಯಾಂಟು ಹೊಲಿಯುವ ಭಾಗ್ಯವನ್ನು ವಿಧಿ ಇವನ ಹಣೆಯಲ್ಲೇ ಬರೆದಿತ್ತು.

ಅಣ್ಣನ ದಿಗ್ವಿಜಯವನ್ನೆಲ್ಲ ಮಾವನ ಅಳತೆ ಪುಸ್ತಕದಲ್ಲೇ ಓದಬಹುದಿತ್ತು. ಬಸ್ಸುಗಳಲ್ಲಿ ಜೇಬು ಕತ್ತರಿಸುತ್ತಿದ್ದಾಗ ಸೊಂಟ ಇಪ್ಪತ್ತೆಂಟು. ಮಾರುಕಟ್ಟೆಯ ಹಳೇ ದಾದಾನ ಎರಡೂ ಮಂಡಿಗಳನ್ನು ಸುತ್ತಿಗೆಯಿಂದ ಪುಡಿಮಾಡಿ ಅವನ ಕುರ್ಚಿಯಲ್ಲಿ ಕೂತಾಗ ಮೂವತ್ತೆರಡು. ಒಡಹುಟ್ಟಿದ ತಮ್ಮನನ್ನೇ ಊರುಬಿಡಿಸಿ ಲಾರಿ ನಿಲ್ದಾಣವನ್ನು ಗೆದ್ದಾಗ ಮೂವತ್ತಾರು. ಅಂದು ಮಾವ ವಾಡಿಕೆಯಂತೆ ಅಳತೆಯನ್ನು ಗಟ್ಟಿಯಾಗಿ ಕೂಗಿದ. ಅಣ್ಣ ಕನ್ನಡಿಯಲ್ಲೇ ದುರುಗುಟ್ಟಿದ.

"ಎಷ್ಟಂದೆ?"

"ಮೂ... ಮೂವತ್ತೆರಡು, ಅಣ್ಣಾ!"

ಅಲ್ಲಿಂದ ಪುಸ್ತಕದಲ್ಲಿ ಮೂವತ್ತೆರಡೇ ಖಾಯಮ್ಮಾಯಿತು. ಬಟ್ಟೆ ಮಾತ್ರ ಕಣ್ಣಂದಾಜಿನಲ್ಲಿ ಹಿಗ್ಗುತ್ತಾ ಹೋಯಿತು.

ಹೀಗೆ ಹತ್ತು ವರ್ಷ. ಅಣ್ಣನ ಮಗಳ ಮದುವೆ ಬಂತು. ಬಂಟರು ಮಾವನ ಪುಸ್ತಕದಿಂದ ಅಳತೆ ಬರೆದುಕೊಂಡು ಪಕ್ಕದ ಊರಿನ ದೊಡ್ಡ ಅಂಗಡಿಯಲ್ಲಿ ಸೂಟು ಹೊಲಿಸಿದರು. ಮದುವೆಯ ಬೆಳಿಗ್ಗೆ ಪ್ಯಾಂಟು ತೊಡೆಯ ಮೇಲಕ್ಕೆ ಏರಲೇ ಇಲ್ಲ. ಮಾವನನ್ನು ಕಾರಿನಲ್ಲಿ ಹೊತ್ತು ತಂದರು. ಟವೆಲ್ ಸುತ್ತಿಕೊಂಡಿದ್ದ ಅಣ್ಣನ ಕೈಯಲ್ಲಿ ಸುತ್ತಿಗೆ.

"ಆ ಅಂಗಡಿಯವ್ನ ಬೆರಳು ಒಂದೊಂದೇ ಜಜ್ಜಿಸ್ತೀನಿ. ಹೇಳು, ತಪ್ಪು ಅವನ್ದೇ ತಾನೇ?"

ಹೂಂ ಎಂದರೆ ಮಾವ ಬದುಕಿಕೊಳ್ಳುತ್ತಿದ್ದ. ಆದರೆ ಎಂದೂ ನೋಡದ ಆ ದರ್ಜಿಯ ಹತ್ತು ಬೆರಳುಗಳು ಅವನ ಕಣ್ಣ ಮುಂದೆ ಬಂದು ನಿಂತವು.

"ತಪ್ಪು ನಂದು. ನಿಮ್ದು ನಲವತ್ತೆರಡು. ಹೆದರ್ಕೊಂಡು ಸುಳ್ಳು ಬರೀತಿದ್ದೆ, ಅಣ್ಣಾ," ಎಂದು ಮಾವ ತನ್ನ ಕೈಗಳನ್ನೇ ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದ.

ಸುತ್ತಿಗೆ ಮೇಲೆದ್ದಿತು. ಅಷ್ಟರಲ್ಲಿ ಅಣ್ಣನ ಹೆಂಡತಿ ಬಾಗಿಲಿಗೆ ಬಂದಳು.

"ರೀ, ಹನ್ನೊಂದಕ್ಕೆ ಮದುವೆ. ಆ ಕೈ ಮುರಿದ್ರೆ ಹೊಲಿಯೋರ್ಯಾರು? ಟವೆಲಲ್ಲೇ ಬೀಗರ ಮುಂದೆ ನಿಲ್ತೀರಾ?"

ಅಣ್ಣ ತನ್ನ ಟವೆಲನ್ನೊಮ್ಮೆ ನೋಡಿಕೊಂಡ. ಆಮೇಲೆ ವರ್ಷಗಟ್ಟಲೆ ಒಳಗೆಳೆದುಕೊಂಡಿದ್ದ ಉಸಿರನ್ನು ಬಿಟ್ಟ. ಹೊಟ್ಟೆ ಧೊಪ್ಪನೆ ಮುಂದೆ ಬಂತು.

"ಬಿಚ್ಚಿ, ಬಟ್ಟೆ ಸೇರಿಸಿ ಹೊಲಿ," ಎಂದು ಸುತ್ತಿಗೆ ಕೆಳಗಿಟ್ಟು ಬಂಟರತ್ತ ತಿರುಗಿದ. "ಈ ಪುಕ್ಕಲನೇ ಹತ್ತು ವರ್ಷ ಸುಳ್ಳು ಹೇಳಿದಾನೆ. ನೀವೇನೇನು ಹೇಳಿದೀರ್ರೋ?"

ನಾಲ್ಕು ಜನ ಕಟ್ಟುಮಸ್ತಾದ ಗಂಡಸರು ಒಟ್ಟಿಗೇ ಸೂರು ನೋಡತೊಡಗಿದರು.