ಹದಿನಾಲ್ಕು ಜನ

ಶಿಡ್ಲಘಟ್ಟದ ವಜೀರುನ್ನೀಸಾಗೆ ಐವತ್ತೆಂಟು ವರ್ಷ. ಅದರಲ್ಲಿ ನಲವತ್ತೆಂಟು ವರ್ಷ ರೇಷ್ಮೆ ಗೂಡನ್ನು ಕುದಿನೀರಿಗೆ ಹಾಕಿ ನೂಲು ತೆಗೆಯುವುದರಲ್ಲೇ ಕಳೆದಿದೆ. ಬೆರಳ ತುದಿಗಳು ಬೆಂದು ಬಿಳಿಚಿಕೊಂಡಿವೆ. ಅದೇ ಕೈಗಳಿಗೆ ಇನ್ನೊಂದು ಕೆಲಸವೂ ಇತ್ತು. ಮೊಹಲ್ಲಾದಲ್ಲಿ ಯಾವ ಹೆಂಗಸು ತೀರಿಕೊಂಡರೂ ಕೊನೆಯ ಸ್ನಾನ ಮಾಡಿಸುವವಳು ಅವಳೇ.

ಅವಳ ಗಲ್ಲಿ ಮೊದಲು ಒಂದೇ ಇತ್ತು. ಹೈವೇ ಬಂದು ನಟ್ಟನಡುವೆ ಕೊಯ್ದು ಹಾಕಿತು. ಮನೆಗಳು ಈಚೆಗೆ, ನೂಲು ತೆಗೆಯುವ ಶೆಡ್ಡುಗಳು, ಮಸೀದಿ, ಖಬರಸ್ತಾನ ಆಚೆಗೆ. ಮಧ್ಯೆ ಸೊಂಟದೆತ್ತರದ ಕಾಂಕ್ರೀಟು ಡಿವೈಡರು. ನ್ಯಾಯವಾಗಿ ಆಚೆ ಹೋಗಬೇಕೆಂದರೆ ಮೂರು ಕಿಲೋಮೀಟರು ಸುತ್ತು. ದುಡಿದು ತಿನ್ನುವವರಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಬುರ್ಖಾ ಮುದುರಿ ಹಿಡಿದು, ಸೀರೆ ಎತ್ತಿಕಟ್ಟಿ, ಡಿವೈಡರು ಹತ್ತಿ ಇಳಿಯುತ್ತಿದ್ದರು. ಮೂರು ವರ್ಷದಲ್ಲಿ ಇಬ್ಬರು ಹೆಂಗಸರು ಗಾಡಿಗೆ ಸಿಕ್ಕಿ ಹೋದರು. ಇಬ್ಬರಿಗೂ ವಜೀರುನ್ನೀಸಾಳೇ ಸ್ನಾನ ಮಾಡಿಸಿದ್ದಳು. ಹೆಗಲಿಂದ ಹೆಗಲಿಗೆ ಬದಲಾಗುತ್ತಾ ಸಾಗಬೇಕಾದ ಜನಾಜಾ ಟೆಂಪೋದಲ್ಲಿ ಕುಲುಕಾಡಿಕೊಂಡು ಸುತ್ತುದಾರಿಯಲ್ಲಿ ಹೋಗುವುದನ್ನು ಎರಡು ಸಲವೂ ರಸ್ತೆಯ ಅಂಚಿನಲ್ಲಿ ನಿಂತು ನೋಡಿದ್ದಳು.

ರಸ್ತೆಯ ಕೆಳಗೆ ನಡೆದು ಹೋಗಲು ಒಂದು ಅಂಡರ್‌ಪಾಸ್ ಬೇಕೆಂದು ಹಟ ಹಿಡಿದವರು ಮೂವರು: ಅವಳು, ಮನೆಮನೆಗೆ ಹಾಲು ಹಾಕುವ ಕೊಂಡಮ್ಮ, ರಿಟೈರಾದ ಮೇಷ್ಟ್ರು ಮೋಹನ್‌ಬಾಬು. ಚಿಕ್ಕಬಳ್ಳಾಪುರದ ಆಫೀಸುಗಳಿಗೆ ಅಲೆದು ಚಪ್ಪಲಿ ಸವೆಸಿದ ಮೇಲೆ ಒಂದು ಕಾಗದ ಬಂತು. ಬುಧವಾರ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ರಸ್ತೆ ದಾಟುವವರನ್ನು ಎಣಿಸಲು ಇಬ್ಬರು ಬರುತ್ತಾರೆ ಎಂದು ಮೇಷ್ಟ್ರು ಓದಿ ಹೇಳಿ, ತಂಗಿ ಮನೆಯ ಮದುವೆಗೆಂದು ಚಿಂತಾಮಣಿಗೆ ಹೊರಟುಬಿಟ್ಟರು. ಯಾಕೆ ಎಣಿಸುತ್ತಾರೆ ಎಂಬುದು ಹೇಳಬೇಕಾದ ಮಾತು ಎಂದು ಅಷ್ಟು ಓದಿಕೊಂಡವರಿಗೆ ಹೊಳೆಯಲೇ ಇಲ್ಲ.

ಅಧಿಕಾರಿಗಳು ಬರುವುದೆಂದರೆ ಏನೆಂದು ವಜೀರುನ್ನೀಸಾಗೆ ಚೆನ್ನಾಗಿ ಗೊತ್ತಿತ್ತು. ಶೆಡ್ಡಿಗೆ ತಪಾಸಣೆ ಬಂದಾಗಲೆಲ್ಲ ಮಾಲೀಕರು ಮೊದಲೇ ಹೇಳಿ ಕಳಿಸುತ್ತಿದ್ದರು. ಹೊಗೆ ಕಾಣಬಾರದು, ಕೊಳೆನೀರು ಕಾಣಬಾರದು, ಎಳೆ ಹುಡುಗಿಯರೆಲ್ಲ ಹಿಂಬಾಗಿಲಿಂದ ಮನೆಗೆ. ಅವಳೂ ಒಂದು ಕಾಲದಲ್ಲಿ ಹಾಗೆ ಓಡಿದವಳೇ. ತಪ್ಪು ಸಾಹೇಬರ ಕಣ್ಣಿಗೆ ಬೀಳದಿದ್ದರೆ ಆ ದಿನ ಗೆದ್ದಂತೆ. ಡಿವೈಡರು ಹತ್ತುವುದು ತಪ್ಪು ಎಂದು ರಸ್ತೆ ಪಕ್ಕ ಬೋರ್ಡೇ ಇತ್ತಲ್ಲ. ಮಂಗಳವಾರ ಮಧ್ಯಾಹ್ನವೇ ಒಂದೊಂದು ಮನೆಗೂ ಹೋಗಿ ಹೇಳಿಬಂದಳು.

"ನಾಳೆ ಒಂದಿನ ಯಾರೂ ಹಾರಬೇಡ್ರಮ್ಮ. ಮರ್ಯಾದಸ್ತರು ಅನ್ನಿಸ್ಕೊಂಡ್ರೆ ತಾನೆ ನಮ್ ಮಾತಿಗೆ ಬೆಲೆ."

ಸತ್ತಾಗ ಮೈ ತೊಳೆಯುವವಳ ಮಾತನ್ನು ಬದುಕಿರುವವರು ಮೀರುವುದುಂಟೆ? ಬುಧವಾರ ಕೆಲವರು ಬೆಳಕು ಹರಿಯುವ ಮುಂಚೆಯೇ ಸುತ್ತಿಕೊಂಡು ಹೋದರು, ಮಿಕ್ಕವರು ಕೆಲಸಕ್ಕೆ ಚಕ್ಕರ್ ಹೊಡೆದರು. ಛತ್ರಿ ಕೆಳಗೆ ಕೂತಿದ್ದ ಎಣಿಸುವವರಿಗೆ ವಜೀರುನ್ನೀಸಾ ಎರಡು ಸಲ ಟೀ ಕೊಟ್ಟಳು. ಕೆಲಸವಿಲ್ಲದೆ ಅವರು ಆಕಳಿಸುವುದನ್ನು ಕಂಡು ಒಳಗೊಳಗೇ ಹಿಗ್ಗಿದಳು.

ಎರಡು ತಿಂಗಳಿಗೆ ಉತ್ತರ ಬಂತು. ಹನ್ನೆರಡು ಗಂಟೆಯಲ್ಲಿ ರಸ್ತೆ ದಾಟಿದವರು ಹದಿನಾಲ್ಕು ಜನ, ಆದ್ದರಿಂದ ಅಂಡರ್‌ಪಾಸಿನ ಅಗತ್ಯ ಕಂಡುಬಂದಿಲ್ಲ. ದಾಟುವವರು ಹೆಚ್ಚಿದ್ದಷ್ಟೂ ನಮಗೆ ಲಾಭವಿತ್ತು ಎಂದು ಮೇಷ್ಟ್ರು ಆಗ ಬಿಡಿಸಿ ಹೇಳಿದರು. ಕೆಟ್ಟ ಮೇಲೆ ಬುದ್ಧಿ ಬಂದರೇನು? ವಜೀರುನ್ನೀಸಾ ಆ ದಿನ ಊಟ ಮುಟ್ಟಲಿಲ್ಲ. ಯಾರೂ ಅವಳನ್ನು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. ಇನ್ನೊಂದು ಅರ್ಜಿ ಹಾಕೋಣ ಎಂದಳು ಕೊಂಡಮ್ಮ. ಸೊಸೆ ಜಬೀನ್ ಊಟದ ತಟ್ಟೆ ತಂದಿಟ್ಟು, ನೀವು ಬೇಕಂತ ಮಾಡಿದ್ದಲ್ಲವಲ್ಲ ಎಂದು ಅತ್ತೆಯ ಪಕ್ಕದಲ್ಲೇ ಕೂತಳು.

ಅದಾಗಿ ಮೂರನೆಯ ವಾರ, ಮಧ್ಯಾಹ್ನದ ಊಟ ಮುಗಿಸಿ ಶೆಡ್ಡಿಗೆ ಹೊರಟ ಜಬೀನ್ ಡಿವೈಡರು ಇಳಿಯುವಾಗ ಬುರ್ಖಾ ಸಿಕ್ಕಿಕೊಂಡು ರಸ್ತೆಗೆ ಬಿದ್ದಳು. ಲಾರಿಯವನಿಗೆ ಬ್ರೇಕು ಒತ್ತುವಷ್ಟೂ ಸಮಯ ಸಿಗಲಿಲ್ಲ.

ಮಾರನೆಯ ದಿನ ಬೆಳಗ್ಗೆ ಆಸ್ಪತ್ರೆಯಿಂದ ದೇಹ ಬಂತು. ಇವತ್ತು ಬೇರೆಯವರು ಮಾಡಲಿ ಬಿಡು ಎಂದರೂ ವಜೀರುನ್ನೀಸಾ ಕೇಳಲಿಲ್ಲ. ಸೊಸೆಗೆ ತಾನೇ ಸ್ನಾನ ಮಾಡಿಸಿದಳು. ಇಪ್ಪತ್ತಾರು ವರ್ಷದ ಆ ಹುಡುಗಿಯ ಬೆರಳ ತುದಿಗಳೂ ಬೆಂದು ಬಿಳಿಚಿದ್ದವು.

ಮಗ ಅಫ್ಜಲ್ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದ್ದ. ಅದನ್ನು ವಾಪಸು ಕಳಿಸು, ಹೆಗಲ ಮೇಲೇ ದಾಟಿಸಿ ಎಂದಳು ತಾಯಿ. ಕೊಂಡಮ್ಮ ಹಾಲಿನ ಕ್ಯಾನು ತಂದು ಹೈವೇಗೆ ಅಡ್ಡ ಇಟ್ಟು ನಿಂತಳು. ಅವಳ ಹಿಂದೆ ಹೆಂಗಸರೆಲ್ಲ ನಿಂತರು. ಲಾರಿ ಬಸ್ಸುಗಳು ಹಾರನ್ನು ಬಡಿದೂ ಬಡಿದೂ ಸುಮ್ಮನಾದವು. ಜನಾಜಾ ಕೈಯಿಂದ ಕೈಗೆ ಡಿವೈಡರು ದಾಟಿತು. ಹಿಂದೆಯೇ ಗಂಡಸರು ಒಬ್ಬೊಬ್ಬರಾಗಿ ಹತ್ತಿ ಇಳಿದರು.

ಹೆಂಗಸರು ಖಬರಸ್ತಾನಕ್ಕೆ ಹೋಗುವ ರೂಢಿಯಿಲ್ಲ. ವಜೀರುನ್ನೀಸಾ ರಸ್ತೆಯ ಅಂಚಿನಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದಳು. ದುವಾ ಓದುತ್ತಿದ್ದಾಳೆಂದು ಪಕ್ಕದವರು ತಿಳಿದರು. ಕೊನೆಯವನೂ ಆಚೆ ಇಳಿದ ಮೇಲೆ, ಮಂಡಿನೋವಿನಿಂದ ಹತ್ತಲಾರದೆ ಈಚೆಯೇ ಉಳಿದಿದ್ದ ಮೇಷ್ಟ್ರ ಕಡೆ ತಿರುಗಿದಳು.

"ಬರ್ಕೊಳ್ಳಿ ಮೇಷ್ಟ್ರೇ. ಇನ್ನೂರ ಅರವತ್ತೊಂದು. ಜಬೀನ್‌ನೂ ಸೇರಿಸಿದೀನಿ, ಅವಳೂ ದಾಟಿದಳಲ್ಲ."